ಜೋಡಿ ಗೆರೆ

ಕಬರಿ ಕಾವಿಗೆ ಕೂತು ಇವತ್ತಿಗೆ ಹತ್ತೊಂಬತ್ತು ದಿನ.
ಬಿದಿರ ಕುಕ್ಕೆ, ತಳಕ್ಕೆ ಬೂದಿ, ಮೇಲೆ ಭತ್ತದ ಹುಲ್ಲು,
ಹುಲ್ಲಿನಡಿ ಒಂದು ಬೋಲ್ಟು;
ಗುಡುಗಿಗೆ ಮೊಟ್ಟೆ ಕದಡಬಾರದೆಂದು ಅಜ್ಜಿ ಇಟ್ಟದ್ದು.
ಭದ್ರಾವತಿಯಲ್ಲಿ ಕಬ್ಬಿಣಕ್ಕೇನು ಬರ,
ಕ್ವಾರ್ಟರ್ಸಿನ ಯಾವ ಹಿತ್ತಿಲು ಕೆದಕಿದರೂ
ಎರೆಹುಳಕ್ಕಿಂತ ಮೊದಲು ನಟ್ಟು ಸಿಗುತ್ತದೆ.

ಇಟ್ಟದ್ದು ಹದಿಮೂರು. ಏಳನೆಯ ರಾತ್ರಿ
ದೀಪ ಆರಿಸಿ ಒಂದೊಂದನ್ನೇ ಟಾರ್ಚಿನ ಬಾಯಿಗೆ ಹಿಡಿದೆ.
ಎರಡು ಬರೀ ಹಳದಿ, ಬಾಡಿಗೆಗೆ ಯಾರೂ ಬಾರದ ಮನೆ.
ಒಂದರಲ್ಲಿ ರಕ್ತದ ಉಂಗುರ,
ಹೊರಟು ನಾಲ್ಕು ದಿನಕ್ಕೆ ಬೇಡವೆಂದುಕೊಂಡದ್ದು.
ಉಳಿದ ಹತ್ತರಲ್ಲೂ ಕೆಂಪು ಬೇರು,
ಬೇರಿನ ನಡುವೆ ಕಪ್ಪು ಚುಕ್ಕಿ.
ಅಲುಗುತ್ತಿತ್ತು.

ಈ ಸಲ ಲೆಕ್ಕ ಇಟ್ಟು ಸಾಕಬೇಕು.
ಮಗಳ ಹಳೆಯ ಗಣಿತ ಪುಸ್ತಕದ ಹಿಂಬದಿಯಲ್ಲಿ ಬರೆದಿದ್ದೇನೆ:
ಒಂದು ಹುಂಜಕ್ಕೆ ಎಂಟೇ ಹೇಂಟೆ.
ಕಬರಿಯ ಮರಿಗಳ ಕಾಲಿಗೆ ಹಸಿರು ದಾರ,
ಬೋಳುಕುತ್ತಿಗೆಯವಳ ಮರಿಗೆ ಕೆಂಪು.
ಗೂಡು ಬಿಟ್ಟೋಡುವವಳು ಎಷ್ಟು ಮೊಟ್ಟೆ ಇಟ್ಟರೂ
ಅವಳ ವಂಶ ಬೇಡ, ಮೊಟ್ಟೆ ಅಂಗಡಿಗೆ.
ಮುಂಗುಸಿಯ ಪಾಲು ಮೂರೆಂದು ಮೊದಲೇ ಕಳೆದಿದ್ದೇನೆ.
ಮತ್ತೆ ಕೊನೆಗೆ, ಎರಡು ಸಲ ಹೊಡೆದುಹಾಕಿ, ಮೂರನೆಯ ಸಲ:
ಈ ಮರಿಗಳು ಹೇಂಟೆಗಳಾಗುವ ಮೊದಲು
ನವಿಲ ಇಲ್ಲಿಂದ ಹೋಗಬೇಕು.

ನವಿಲ ಅಂದರೆ ಇವುಗಳ ಅಪ್ಪ.
ತಾಯಿ ಸತ್ತ ಮೇಲೆ ನನ್ನ ಸೆರಗಿನಲ್ಲಿ ಬೆಳೆದವನು,
ಈಗಲೂ ಅಕ್ಕಿ ಆರಿಸುವಾಗ ಮೊರದ ಅಂಚಿಗೆ ಬಂದು ನಿಲ್ಲುತ್ತಾನೆ.
ಅಂತರಗಂಗೆಯ ಖಾಸಿಂ ಸಾಬರು ಒಪ್ಪಿದ್ದಾರೆ,
ಅವರ ಹುಂಜ ಇಲ್ಲಿಗೆ, ಇವನು ಅಲ್ಲಿಗೆ.

"ಕೋಳಿಗೂ ನೆಂಟಸ್ತನ ನೋಡ್ತೀಯೇನೇ?" ಅಜ್ಜಿ ನಕ್ಕಳು.
"ನಮ್ಮಲ್ಲಿ ಮನುಷ್ಯರಿಗೇ..."
ಅಂದವಳು ಎಲೆಗೆ ಸುಣ್ಣ ಹಚ್ಚತೊಡಗಿದಳು.
ಅಜ್ಜಿಯೂ ಅವಳೇ, ಅತ್ತೆಯೂ ಅವಳೇ.
ಅಮ್ಮನ ತಮ್ಮನಿಗೆ ನನ್ನನ್ನು ಕೊಟ್ಟಾಗ ಎಲ್ಲರೂ ಹೇಳಿದ್ದು,
ಒಳ್ಳೆಯದಾಯಿತು, ಹುಡುಗಿಗೆ ಯಾವ ಡಬ್ಬಿಯಲ್ಲಿ ಉಪ್ಪಿದೆ ಗೊತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಆ ಎಳೆಯ ಡಾಕ್ಟರಮ್ಮ
ಚೀಟಿಯ ಹಿಂದೆ ಚಿತ್ರ ಬರೆದರು.
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ.
ನನಗೂ ಇವರಿಗೂ ನಡುವೆ ಒಂದಲ್ಲ, ಎರಡು ಗೆರೆ.
ಕೆಳಗೆ ಇನ್ನೊಂದು ಸೊನ್ನೆ, ಅದಕ್ಕೆ ಮಸಿ ತುಂಬಿದರು.
ಬೈಯಲಿಲ್ಲ. ಮಗುವಿನ ಹೆಸರು ಕೇಳಿದರು.
ಇಂಚರ, ಅಂದೆ.
ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಆ ಚೀಟಿ ಎಲ್ಲೋ ಕಳೆಯಿತು. ಗೆರೆ ಎಳೆಯುವುದು ಬಂತು.

ನಿನ್ನೆ ಇವರು ಪುಸ್ತಕ ತೆಗೆದು ನೋಡಿದರು,
ಚೌಕ, ಸೊನ್ನೆ, ಹಸಿರು ದಾರ, ಕೆಂಪು ದಾರ.
ಬಹಳ ಹೊತ್ತು ನೋಡಿದರು.
ಆಮೇಲೆ ಗೋಣಿಚೀಲ ಕೊಡವಿ,
ಉಸಿರಾಡಲೆಂದು ಅದಕ್ಕೆ ನಾಲ್ಕು ತೂತು ಮಾಡಿ,
"ಭಾನುವಾರ ನಾನೇ ಬಿಟ್ಟು ಬರ್ತೀನಿ" ಅಂದರು.
ನಾಲ್ಕು ಸಾಲದೆಂದು ಇನ್ನೆರಡು ಮಾಡಿದರು.

ಈಗ ಕತ್ತಲೆ. ಕಬರಿ ಗುರುಗುಟ್ಟುತ್ತಾಳೆ.
ಇಂಚರ ಅವಳ ಹೊಟ್ಟೆಯಡಿ ಕೈ ತೂರಿಸಿ
ಒಂದು ಮೊಟ್ಟೆ ತೆಗೆದು ಕೆನ್ನೆಗೆ ಒತ್ತಿಕೊಂಡಿದ್ದಾಳೆ.
"ಇಡು, ಕುಕ್ಕುತ್ತಾಳೆ" ಅಂತ ಕೂಗಿದೆ,
ಕೂಗಿದ್ದು ಅಭ್ಯಾಸಕ್ಕೆ.
ಅವಳು ನನ್ನ ಕಡೆ ನೋಡುತ್ತಿಲ್ಲ,
ಕಣ್ಣು ಮುಚ್ಚಿ, ತೋರುಬೆರಳಿನಿಂದ
ನನ್ನ ಅಂಗೈ ಮೇಲೆ ತಟ್ಟುತ್ತಾಳೆ.
ಒಂದು. ಬಿಟ್ಟು, ಎರಡು.
ಮತ್ತೆ ತುಂಬ ಹೊತ್ತು ಏನೂ ಇಲ್ಲ.
ನಾನು ಮೊಟ್ಟೆಗೆ ಕಿವಿಯಿಟ್ಟೆ, ನನಗೆ ಕೇಳಿಸಲಿಲ್ಲ.
ಮೂರು, ಅಂದಿತು ಅವಳ ಬೆರಳು.